ಹಂದಿ ಸಾಕಣೆಗೆ ಯಾವ ತಳಿ? ರೋಗ ತಾಳುವ ಗುಣವನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಂದಿ ಸಾಕಣೆಗೆ ಇಳಿಯಬೇಕೆಂದಿರುವವರೂ, ಇಳಿದು ಒಂದೆರಡು ಸಲ ಮರಿಗಳನ್ನು ಕಳೆದುಕೊಂಡವರೂ ಕೇಳುವ ಪ್ರಶ್ನೆ ಒಂದೇ: ರೋಗಕ್ಕೆ ಜಗ್ಗದ ತಳಿ ಯಾವುದು? ಊರ ಕರಿ ಹಂದಿ ಗಟ್ಟಿ ಎಂದು ಹಿರಿಯರು ಹೇಳುತ್ತಾರೆ, ಆದರೆ ಅದು ತೂಕ ಕಟ್ಟುವುದಿಲ್ಲ. ಬಿಳಿ ಯಾರ್ಕ್‌ಶೈರ್ ಬೇಗ ಬೆಳೆಯುತ್ತದೆ, ಆದರೆ ಏಪ್ರಿಲ್ ಬಂತೆಂದರೆ ಏದುಸಿರು ಬಿಡುತ್ತ ಮೇವು ಬಿಡುತ್ತದೆ. ಮಿಶ್ರತಳಿ ಒಳ್ಳೆಯದೆಂದು ಒಬ್ಬರು ಹೇಳಿದರೆ, ಎರಡನೇ ಪೀಳಿಗೆಗೆ ಅದರ ಕಸುವು ಇಳಿಯುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ವಲ್ಪ ಓದಿಕೊಂಡವರಿಗೆ ವಂಶವಾಹಿ ಪರೀಕ್ಷೆಯಾದ ಗಂಡನ್ನು ದುಬಾರಿಯಾದರೂ ತರಬೇಕೇ ಎಂಬ ಯೋಚನೆಯೂ ಇರುತ್ತದೆ. ಈ ನಾಲ್ಕು ದಾರಿಗಳನ್ನು ಇಲ್ಲಿ ತೂಗಿ ನೋಡಲಾಗಿದೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಎಲ್ಲ ರೋಗಗಳನ್ನೂ ತಡೆಯುವ ತಳಿ ಎಲ್ಲಿಯೂ ಇಲ್ಲ. ಹಂದಿಯ ವಂಶವಾಹಿಗಳಲ್ಲಿರುವ ಪ್ರತಿರೋಧ ಒಂದೊಂದು ರೋಗಾಣುವಿಗೆ ಒಂದೊಂದು ಬಗೆಯದು, ಮತ್ತು ನಮ್ಮ ಕಡೆ ಕೊಟ್ಟಿಗೆಯನ್ನೇ ಬರಿದು ಮಾಡಬಲ್ಲ ಎರಡು ಜ್ವರಗಳಿಗೆ, ಅಂದರೆ ಹಂದಿ ಜ್ವರಕ್ಕೂ ಆಫ್ರಿಕನ್ ಹಂದಿ ಜ್ವರಕ್ಕೂ, ತಳಿಯ ಆಯ್ಕೆಯಿಂದ ಸಿಗುವ ರಕ್ಷಣೆ ಇಲ್ಲವೆಂದೇ ತಿಳಿಯಬೇಕು. ಹಾಗಾದರೆ ತಳಿ ನೋಡುವುದು ವ್ಯರ್ಥವೇ ಎಂದರೆ, ಅಲ್ಲ. ಯಾವ ನಷ್ಟವನ್ನು ತಳಿ ತಡೆಯುತ್ತದೆ, ಯಾವುದನ್ನು ಲಸಿಕೆ ತಡೆಯುತ್ತದೆ, ಯಾವುದನ್ನು ಬೇಲಿ ಮಾತ್ರ ತಡೆಯುತ್ತದೆ ಎಂಬುದನ್ನು ಬಿಡಿಸಿ ತಿಳಿದರೆ ದುಡ್ಡನ್ನು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ.

ಯಾವುದರಿಂದ ಅಳೆಯಬೇಕು

ತಳಿಯನ್ನು ಅಳೆಯುವಾಗ ನಾನು ಮೊದಲು ನೋಡುವುದು ರೋಗವನ್ನೇ, ಅದೂ ಹೆಸರು ಹಿಡಿದು. ಹಂದಿ ಜ್ವರ, ಆಫ್ರಿಕನ್ ಹಂದಿ ಜ್ವರ, ಕಾಲುಬಾಯಿ ರೋಗ, ಮರಿಗಳ ಭೇದಿ, ಹೊಟ್ಟೆಹುಳು, ಚರ್ಮದ ಕಜ್ಜಿ, ಇವೆಲ್ಲವನ್ನೂ ಸೇರಿಸಿ “ರೋಗ” ಎಂದುಬಿಟ್ಟರೆ ಹೋಲಿಕೆಯೇ ಸಾಧ್ಯವಿಲ್ಲ. ಅನಂತರ ಬರುವುದು ಬಿಸಿಲು. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಬಿಸಿಲಿಗೆ ಬಳಲಿದ ಪ್ರಾಣಿಯ ರೋಗನಿರೋಧಕ ಶಕ್ತಿಯೂ ಕುಗ್ಗುವುದರಿಂದ ಇದು ಬೇರೆ ವಿಷಯವಲ್ಲ. ಖಾನಾಪುರದ ಮಳೆಕಾಡಿನ ಅಂಚಿಗೆ ಒಗ್ಗಿದ ತಳಿ ಇಂಡಿ, ಸಿಂದಗಿಯ 40 ಡಿಗ್ರಿ ದಾಟುವ ಬೇಸಿಗೆಗೆ ಒಗ್ಗಬೇಕೆಂದಿಲ್ಲ. ಮೇವಿನ ಖರ್ಚು, ಮಾರುಕಟ್ಟೆ ಎರಡನ್ನೂ ಯಾರೂ ಮರೆಯುವುದಿಲ್ಲವಾದ್ದರಿಂದ ಅವನ್ನು ಒತ್ತಿ ಹೇಳಬೇಕಿಲ್ಲ. ಬಹುಪಾಲು ಜನ ಮರೆಯುವುದು ಇನ್ನೊಂದನ್ನು: ಮೂರನೇ ವರ್ಷ, ನಾಲ್ಕನೇ ವರ್ಷ ಗಂಡನ್ನು ಎಲ್ಲಿಂದ ತರುತ್ತೇವೆ ಎಂಬುದನ್ನು. ರೋಗ ತಾಳುವ ಗುಣದ ಮಟ್ಟಿಗೆ ಈ ಕೊನೆಯದೇ ತಳಿಯ ಹೆಸರಿಗಿಂತ ದೊಡ್ಡದೆಂದು ನಾನು ನಂಬಿದ್ದೇನೆ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಂಶವಾಹಿ ಮಾಡುವ ಕೆಲಸ

ಹಂದಿಯ 7ನೇ ವರ್ಣತಂತುವಿನಲ್ಲಿ ಎಸ್‌ಎಲ್‌ಎ ಎಂದು ಕರೆಯುವ ವಂಶವಾಹಿಗಳ ಒಂದು ಗುಂಪಿದೆ. ದೇಹಕ್ಕೆ ಹೊಕ್ಕ ರೋಗಾಣುವಿನ ಚೂರುಗಳನ್ನು ಹಿಡಿದು ಬಿಳಿ ರಕ್ತಕಣಗಳಿಗೆ ತೋರಿಸುವ ಪ್ರೋಟೀನುಗಳನ್ನು ಈ ಗುಂಪು ತಯಾರಿಸುತ್ತದೆ. ಬಿಳಿ ರಕ್ತಕಣ ಕಂಡದ್ದಕ್ಕೆ ಮಾತ್ರ ಹೋರಾಡುತ್ತದೆ, ಕಾಣದ್ದಕ್ಕೆ ಇಲ್ಲ. ಈ ವಂಶವಾಹಿಗಳಿಗೆ ನೂರಾರು ರೂಪಗಳಿವೆ, ಒಂದೊಂದು ರೂಪ ಒಂದೊಂದು ಬಗೆಯ ಚೂರನ್ನು ಚೆನ್ನಾಗಿ ಹಿಡಿಯುತ್ತದೆ, ಮತ್ತು ಪ್ರತಿ ಹಂದಿಗೆ ತಂದೆಯಿಂದ ಒಂದು ಜೋಡಣೆ, ತಾಯಿಯಿಂದ ಒಂದು ಜೋಡಣೆ ಬರುತ್ತದೆ. ಎರಡೂ ಬೇರೆಬೇರೆಯಾಗಿದ್ದರೆ ಆ ಹಂದಿ ಹೆಚ್ಚು ಬಗೆಯ ರೋಗಾಣುಗಳನ್ನು ಗುರುತಿಸಬಲ್ಲದು. ಎರಡೂ ಒಂದೇ ಆಗಿದ್ದರೆ ಅದರ ಗುರುತಿಸುವ ಹರವು ಕಿರಿದಾಗುತ್ತದೆ. ಲಸಿಕೆ ಹಾಕಿದಾಗ ಕೆಲವು ಮರಿಗಳಲ್ಲಿ ರೋಗಾಣುವನ್ನು ಎದುರಿಸುವ ಒಳ್ಳೆಯ ಪ್ರತಿಕಾಯ ಬೆಳೆದು ಕೆಲವಕ್ಕೆ ಬೆಳೆಯದಿರುವುದಕ್ಕೂ ಈ ವ್ಯತ್ಯಾಸ ಒಂದು ಕಾರಣ.

ಇದನ್ನು ಕೊಟ್ಟಿಗೆಯ ಲೆಕ್ಕದಲ್ಲಿ ಬಿಡಿಸಿ ನೋಡೋಣ. ನಿಮ್ಮ ಗಂಡಿನ ಬಳಿ ಅ ಮತ್ತು ಆ ಎಂಬ ಎರಡು ಜೋಡಣೆಗಳು, ಹೆಣ್ಣಿನ ಬಳಿ ಇ ಮತ್ತು ಈ ಎಂಬ ಎರಡು ಜೋಡಣೆಗಳು ಇವೆಯೆಂದುಕೊಳ್ಳಿ. ಅವಕ್ಕೆ ಹುಟ್ಟಿದ ಯಾವ ಮರಿಯಲ್ಲೂ ಎರಡೂ ಒಂದೇ ಆಗಿರಲು ಸಾಧ್ಯವಿಲ್ಲ. ಆ ಮರಿಗಳಲ್ಲಿ ಅ-ಇ ಪಡೆದ ಒಂದು ಹೆಣ್ಣನ್ನು ತಳಿಗೆಂದು ಉಳಿಸಿಕೊಂಡು, ಎಂಟು ಹತ್ತು ತಿಂಗಳ ಬಳಿಕ ಬೆದೆಗೆ ಬಂದಾಗ ಕೊಟ್ಟಿಗೆಯಲ್ಲಿರುವ ಅದೇ ಗಂಡನ್ನು, ಅಂದರೆ ಅದರ ತಂದೆಯನ್ನೇ ಬಿಟ್ಟರೆ, ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಅ-ಅ ಆಗಿರುತ್ತದೆ. ಇದು ಒಂದು ಗುಂಪಿನ ಮಾತು. ದೇಹದ ಉಳಿದ ವಂಶವಾಹಿಗಳಿಗೂ ಇದೇ ಲೆಕ್ಕ. ತಂದೆ-ಮಗಳ ಇಂಥ ಕೂಡುವಿಕೆಯಲ್ಲಿ ಒಳತಳಿಯ (ಹತ್ತಿರದ ರಕ್ತಸಂಬಂಧಿಗಳು ಕೂಡಿದ್ದರ) ಪ್ರಮಾಣ ಶೇ. 25ಕ್ಕೆ ಏರುತ್ತದೆ. ಹುಟ್ಟುವ ಮರಿಗಳ ಸಂಖ್ಯೆ ಇಳಿಯುವುದು, ಹುಟ್ಟಿದವು ಸೊರಗುವುದು, ಸಣ್ಣ ಭೇದಿಗೂ ಸಾಯುವುದು, ಇವೆಲ್ಲ ಇದರ ಹಿಂದೆಯೇ ಬರುತ್ತವೆ. “ಮೊದಲು ಚೆನ್ನಾಗಿತ್ತು, ಈಗ ತಳಿ ಕೆಟ್ಟಿತು” ಎಂಬ ದೂರಿನ ಮೂಲ ಅನೇಕ ಸಲ ತಳಿಯಲ್ಲ, ಬದಲಾಗದ ಗಂಡು.

ಇನ್ನು ಕೆಲವು ವಂಶವಾಹಿಗಳ ಕೆಲಸ ಇದಕ್ಕಿಂತ ನೇರ. ಮರಿಗಳಿಗೆ ನೀರುಭೇದಿ ತರುವ ಇ. ಕೋಲಿ ಬ್ಯಾಕ್ಟೀರಿಯಾ ಕರುಳಿನ ಗೋಡೆಗೆ ಅಂಟಿಕೊಂಡರೆ ಮಾತ್ರ ರೋಗ ತರಬಲ್ಲದು. ಅಂಟಿಕೊಳ್ಳಲು ಬೇಕಾದ ಅಣು ಕೆಲವು ಹಂದಿಗಳ ಕರುಳಿನಲ್ಲಿ ಇರುವುದೇ ಇಲ್ಲ. ಹಬ್ಬಲು ಹಂದರ ಸಿಗದ ಬಳ್ಳಿಯಂತೆ ಬ್ಯಾಕ್ಟೀರಿಯಾ ನೆಲೆ ಕಾಣದೆ ಹೊರಗೆ ಹೋಗುತ್ತದೆ. ಎಫ್18 ಎಂಬ ಬಗೆಯ ಇ. ಕೋಲಿಗೆ, ಅಂದರೆ ಹಾಲು ಬಿಡಿಸಿದ ಮೇಲೆ ಬರುವ ಭೇದಿಗೂ ಕಣ್ಣುರೆಪ್ಪೆ ಊದಿ ಮರಿ ತೂರಾಡಿ ಬೀಳುವ ಊತ ರೋಗಕ್ಕೂ ಕಾರಣವಾಗುವ ಬಗೆಗೆ, ಈ ರಕ್ಷಣೆ 6ನೇ ವರ್ಣತಂತುವಿನ ಎಫ್‌ಯುಟಿ1 ಎಂಬ ವಂಶವಾಹಿಯಿಂದ ಬರುತ್ತದೆ. ಅದರ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಮರಿಗೆ ಎಫ್18 ಅಂಟುವುದಿಲ್ಲ. ಎಫ್4 ಎಂಬ ಇನ್ನೊಂದು ಬಗೆಗೆ 13ನೇ ವರ್ಣತಂತುವಿನ ಎಂಯುಸಿ4 ವಂಶವಾಹಿಯ ಭಾಗವನ್ನು ಗುರುತಾಗಿ ಬಳಸುತ್ತಾರೆ. ಹುಟ್ಟಿದ ಮೊದಲ ದಿನಗಳಲ್ಲೇ ಮರಿಯ ಬಾಲದ ಬುಡ ಒದ್ದೆಯಾಗಿ, ಹಳದಿ ನೀರಿನಂಥ ಭೇದಿ ಸುರಿದು, ಒಂದೆರಡು ದಿನದಲ್ಲಿ ಮರಿ ಒಣಗಿ ಸಾಯುವುದಕ್ಕೆ ಈ ಎಫ್4 ಒಂದು ಮುಖ್ಯ ಕಾರಣ.

ಎಫ್4ರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿರೋಧವುಳ್ಳ ತಾಯಿಯ ಕರುಳಿಗೆ ಆ ಬ್ಯಾಕ್ಟೀರಿಯಾ ಅಂಟುವುದೇ ಇಲ್ಲವಾದ್ದರಿಂದ ಅವಳ ದೇಹ ಅದರ ವಿರುದ್ಧ ಪ್ರತಿಕಾಯವನ್ನೂ ಅಷ್ಟಾಗಿ ತಯಾರಿಸುವುದಿಲ್ಲ, ಹಾಗಾಗಿ ಗಿಣ್ಣು ಹಾಲಿನಲ್ಲಿ ಮರಿಗಳಿಗೆ ಅದು ಸಿಗುವುದಿಲ್ಲ. ಅಂಥ ತಾಯಿಗೆ ಪ್ರತಿರೋಧವಿಲ್ಲದ ಗಂಡನ್ನು ಬಿಟ್ಟರೆ, ಪ್ರತಿರೋಧವಿಲ್ಲದ ಗುಣವೇ ಪ್ರಬಲವಾದ್ದರಿಂದ, ಮರಿಗಳಿಗೆ ರೋಗ ಅಂಟಬಲ್ಲ ಕರುಳೂ ರಕ್ಷಣೆಯಿಲ್ಲದ ಹಾಲೂ ಒಟ್ಟಿಗೆ ಬಂದು, ಸಾಮಾನ್ಯ ಹಂದಿಯ ಮರಿಗಳಿಗಿಂತಲೂ ಹೆಚ್ಚು ಸಾಯುವ ಸಾಧ್ಯತೆ ಇರುತ್ತದೆ. ಒಳ್ಳೆಯ ವಂಶವಾಹಿಯನ್ನು ಅರ್ಧ ತಂದರೆ ಕೆಲವೊಮ್ಮೆ ತರದೇ ಇರುವುದಕ್ಕಿಂತ ಕೆಡುಕು ಎಂಬುದನ್ನು ನೆನಪಿಡಬೇಕು.

ದೊಡ್ಡ ಜ್ವರಗಳ ಮಾತು ಬೇರೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಮಿನ ಕಡೆಯಿಂದ ಭಾರತಕ್ಕೆ ಕಾಲಿಟ್ಟಿತು, 2022ರ ಜುಲೈಯಲ್ಲಿ ನಮ್ಮ ನೆರೆಯ ಕೇರಳದ ವಯನಾಡಿನಲ್ಲಿ ಕಾಣಿಸಿಕೊಂಡಿತು. ಆಫ್ರಿಕಾದ ವಾರ್ಟ್‌ಹಾಗ್ ಎಂಬ ಕಾಡುಹಂದಿ ಈ ವೈರಸ್ಸನ್ನು ಹೊತ್ತೂ ಕಾಯಿಲೆ ಬೀಳುವುದಿಲ್ಲ. ಅದಕ್ಕೆ ಆರ್‌ಇಎಲ್‌ಎ ಎಂಬ ವಂಶವಾಹಿಯ ವ್ಯತ್ಯಾಸ ಕಾರಣವಿರಬಹುದೆಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯವರು ಸಾಕುಹಂದಿಯಲ್ಲಿ ಅದೇ ಬದಲಾವಣೆ ಮಾಡಿ ನೋಡಿದರು, ಆದರೆ ಆ ಹಂದಿಗಳೂ ವೈರಸ್ಸಿಗೆ ತುತ್ತಾದವು. ನಮ್ಮ ಖಾನಾಪುರ ಕಡೆಯ ಭೀಮಗಡದ ಕಾಡುಹಂದಿ ವಾರ್ಟ್‌ಹಾಗ್ ಅಲ್ಲ, ಅದು ಸಾಕುಹಂದಿಯ ಜಾತಿಗೇ ಸೇರಿದ್ದು ಮತ್ತು ಅದೇ ಜ್ವರಕ್ಕೆ ಸಾಯುವಂಥದು. ಕರಿ, ಬಿಳಿ, ಮಿಶ್ರ ಎನ್ನದೆ ಯಾವ ತಳಿಗೂ ಇದರಿಂದ ವಿನಾಯಿತಿ ಇಲ್ಲ. ಹಂದಿ ಜ್ವರಕ್ಕೂ ತಳಿಯನ್ನು ನಂಬಿ ಕೂರುವಂತಿಲ್ಲ, ಆದರೆ ಅದಕ್ಕೆ ಒಳ್ಳೆಯ ಲಸಿಕೆ ಇದೆ.

ಊರ ಕರಿ ಹಂದಿ

ನಮ್ಮ ಕಡೆಯ ಕರಿ ಹಂದಿಗೆ ಬಿಸಿಲು, ಒರಟು ಮೇವು, ಅರೆಹೊಟ್ಟೆ, ಎಲ್ಲವೂ ಪರಿಚಿತ. ತಲೆಮಾರುಗಳಿಂದ ಲಸಿಕೆಯಿಲ್ಲದೆ, ಔಷಧಿಯಿಲ್ಲದೆ ಉಳಿದು ಬಂದ ಹಿಂಡಿನಲ್ಲಿ ಪರಿಸ್ಥಿತಿಗೆ ಒಗ್ಗಿದ ವಂಶವಾಹಿಗಳು ಉಳಿದಿರುತ್ತವೆ ಎಂಬುದು ನಿಜ. ಹಿಂಡು ಒಂದೇ ಗಂಡಿಗೆ ಕಟ್ಟುಬಿದ್ದಿರದಿದ್ದರೆ ಎಸ್‌ಎಲ್‌ಎ ರೂಪಗಳ ವೈವಿಧ್ಯವೂ ಚೆನ್ನಾಗಿಯೇ ಇರಬಲ್ಲದು. ಅದರ ಕಪ್ಪು ಚರ್ಮ ಬಿಸಿಲಿಗೆ ಸುಡುವುದಿಲ್ಲ, ತಾಯಿ ಮರಿಗಳನ್ನು ತಾನೇ ಕಾಯುತ್ತದೆ, ಹೆರಿಗೆಗೆ ಯಾರೂ ಕಾದು ಕೂರಬೇಕಿಲ್ಲ.

ಆದರೂ ಇದನ್ನು “ರೋಗವೇ ಬಾರದ ಹಂದಿ” ಎಂದು ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೀದಿಯಲ್ಲಿ ಬೆಳೆಯುವ ಹಿಂಡಿನಲ್ಲಿ ಸತ್ತ ಮರಿಯನ್ನು ಲೆಕ್ಕ ಇಡುವವರಿಲ್ಲ, ಉಳಿದದ್ದು ಮಾತ್ರ ಕಣ್ಣಿಗೆ ಬೀಳುತ್ತದೆ. ಚೀನಾದ ದೇಸಿ ತಳಿಗಳನ್ನು ಪರೀಕ್ಷಿಸಿದಾಗ ಎಫ್18 ಪ್ರತಿರೋಧದ ರೂಪ ಅವುಗಳಲ್ಲಿ ಬಹಳ ವಿರಳವೆಂದೂ ಯುರೋಪಿನ ಬಿಳಿ ತಳಿಗಳಲ್ಲೇ ಅದು ಹೆಚ್ಚೆಂದೂ ಕಂಡುಬಂತು; ದೇಸಿ ಎಂದ ಮಾತ್ರಕ್ಕೆ ಎಲ್ಲ ಪ್ರತಿರೋಧವೂ ಅದರ ಪಾಲಿಗೇ ಬಂದಿರುವುದಿಲ್ಲ. ಬಿಟ್ಟು ಮೇಯಿಸುವ ಪದ್ಧತಿಗೆ ಇನ್ನೂ ದೊಡ್ಡ ತೊಡಕಿದೆ. ಬಯಲಲ್ಲಿ ಮನುಷ್ಯರ ಮಲ ತಿನ್ನುವ ಹಂದಿಯ ಮಾಂಸಖಂಡದಲ್ಲಿ ಲಾಡಿಹುಳುವಿನ ಗುಳ್ಳೆಗಳು ಬೆಳೆಯುತ್ತವೆ. ಅಂಥ ಮಾಂಸವನ್ನು ಅರೆಬೆಂದದ್ದನ್ನು ತಿಂದವರ ಹೊಟ್ಟೆಯಲ್ಲಿ ಲಾಡಿಹುಳು ಬೆಳೆದು, ಅದರ ಮೊಟ್ಟೆಗಳ ಮೂಲಕ ಮನುಷ್ಯರ ಮಿದುಳಿಗೂ ಗುಳ್ಳೆ ತಲುಪಿ ಮೂರ್ಛೆರೋಗ ಬರಬಹುದು. ಇದನ್ನು ಯಾವ ವಂಶವಾಹಿಯೂ ತಡೆಯದು, ಕಟ್ಟಿ ಸಾಕುವುದೇ ಮುಖ್ಯ ದಾರಿ. ಕಟ್ಟಿ ಸಾಕಿದಾಗ ಮೇವು ಕೊಂಡು ಹಾಕಬೇಕಾಗುತ್ತದೆ, ವರ್ಷವಾದರೂ 40–60 ಕಿಲೊ ಆಸುಪಾಸಿನಲ್ಲಿ ನಿಲ್ಲುವ ಹಂದಿಗೆ ಕೊಂಡ ಗೋವಿನಜೋಳ ಹಾಕಿದರೆ ಲೆಕ್ಕ ಕೂಡುವುದಿಲ್ಲ. ಒಂದು ಸೂಲಿಗೆ ಐದರಿಂದ ಏಳು ಮರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗೋವಾ ಗಡಿಗೆ ಹತ್ತಿರದವರಿಗೆ ಒಂದು ಉಪದಾರಿಯಿದೆ. ಗೋವಾದ ಅಗೊಂದ ಗೋವನ್ ಎಂಬ ಕರಿ ತಳಿಯನ್ನು ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಗೋವಾದ ಅಡುಗೆಯಲ್ಲಿ ಸಾಸೇಜು, ಸೋರ್ಪೊಟೆಲ್‌ಗಳಿಗೆ ಹಂದಿಮಾಂಸದ ಬೇಡಿಕೆ ಸ್ಥಿರವಾಗಿರುವುದರಿಂದ, ಚೋರ್ಲಾ ಘಾಟಿನ ಈಚೆಯವರಿಗೆ ನೆರೆಯ ಹವೆಗೆ ಒಗ್ಗಿದ, ದಾಖಲೆಯಿರುವ ಕರಿ ತಳಿಯೊಂದು ಮಿಶ್ರತಳಿಯ ತಾಯಿ ಕಡೆಗೆ ಒದಗಬಲ್ಲದು.

ಬಿಳಿ ಯಾರ್ಕ್‌ಶೈರ್, ಲ್ಯಾಂಡ್‌ರೇಸ್, ಡ್ಯೂರಾಕ್

ಸಮತೋಲದ ಆಹಾರ ಹಾಕಿದರೆ ಯಾರ್ಕ್‌ಶೈರ್ ಎಂಟು ತಿಂಗಳಿಗೆ 80–90 ಕಿಲೊ ತೂಗುತ್ತದೆ, ಸೂಲಿಗೆ ಒಂಬತ್ತು ಹತ್ತು ಮರಿ ಹಾಕುತ್ತದೆ, ಒಂದು ಕಿಲೊ ತೂಕ ಕಟ್ಟಲು ದೇಸಿ ಹಂದಿಗಿಂತ ಬಹಳ ಕಡಿಮೆ ಮೇವು ಸಾಕು. ಲೆಕ್ಕದ ಪುಸ್ತಕದಲ್ಲಿ ಇದನ್ನು ಮೀರಿಸುವುದು ಕಷ್ಟ. ಬಿಸಿಲಿನ ಮಾತು ಬಂದಾಗ ಮಾತ್ರ ಲೆಕ್ಕ ತಿರುಗುತ್ತದೆ. ಹಾಲೂಡುವ ತಾಯಿ ಹಂದಿ 25 ಡಿಗ್ರಿ ದಾಟಿದ ಮೇಲೆ ಮೇವು ಕಡಿಮೆ ಮಾಡತೊಡಗುತ್ತದೆ, ಮೇವು ಇಳಿದರೆ ಹಾಲು ಇಳಿಯುತ್ತದೆ, ಹಾಲು ಇಳಿದರೆ ಮರಿ ಭೇದಿಗೆ ಸಿಗುತ್ತದೆ. ಗಂಡು ಬಿಸಿಲಿಗೆ ಬಳಲಿದರೆ ಅದರ ವೀರ್ಯದ ಗುಣ ಸುಧಾರಿಸಲು ಐದಾರು ವಾರ ಹಿಡಿಯುವುದರಿಂದ, ಮೇ ತಿಂಗಳ ಬಿಸಿಲಿನ ಪರಿಣಾಮ ಜೂನ್ ಕೊನೆಯವರೆಗೂ ಗಬ್ಬ ನಿಲ್ಲದಿರುವಿಕೆಯಾಗಿ ಕಾಡುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಶುದ್ಧ ಬಿಳಿ ತಳಿ ಸಾಕುವವರು ಎತ್ತರದ ಚಾವಣಿ, ನೀರು ಚಿಮುಕಿಸುವ ವ್ಯವಸ್ಥೆ, ಬೇಸಿಗೆಯುದ್ದಕ್ಕೂ ಬತ್ತದ ಬೋರು, ಈ ಮೂರನ್ನೂ ತಳಿಯ ಬೆಲೆಗೇ ಸೇರಿಸಿ ಲೆಕ್ಕ ಹಾಕಬೇಕು.

ರೋಗದ ದೃಷ್ಟಿಯಿಂದ ಬಿಳಿ ತಳಿ ತೀರ ದುರ್ಬಲವೆಂಬ ಮಾತೂ ಸರಿಯಲ್ಲ. ಎಫ್18ರ ವಿಷಯದಲ್ಲಿ ಅವು ಮುಂದಿರಬಲ್ಲವೆಂದು ಮೇಲೆಯೇ ಹೇಳಿದೆ. ತೊಂದರೆ ಇರುವುದು ಮೂಲದ ಹಿಂಡಿನಲ್ಲಿ: ಒಂದೇ ಫಾರಂನ ಕೆಲವೇ ಗಂಡುಗಳಿಂದ ಸುತ್ತಿ ಸುತ್ತಿ ಬಂದ “ಶುದ್ಧ” ಹಂದಿಗಳಲ್ಲಿ ಮೇಲೆ ವಿವರಿಸಿದ ಅ-ಅ ಸ್ಥಿತಿ ಹೆಚ್ಚಾಗಿರುತ್ತದೆ. ಇನ್ನೊಂದು ಬಿಳಿ ತಳಿಯಾದ ಲ್ಯಾಂಡ್‌ರೇಸ್ ತರುವವರು ಮತ್ತೊಂದು ಪ್ರಶ್ನೆ ಕೇಳಲೇಬೇಕು. 6ನೇ ವರ್ಣತಂತುವಿನಲ್ಲೇ ಇರುವ ಆರ್‌ವೈಆರ್1 ಎಂಬ ವಂಶವಾಹಿಯ ದೋಷವುಳ್ಳ ಹಂದಿ ಬಿಸಿಲಿಗೋ ಸಾಗಣೆಯ ಗಾಬರಿಗೋ ಮೈ ಸೆಟೆದು, ಜ್ವರವೇರಿ, ದಿಢೀರನೆ ಸಾಯುತ್ತದೆ. ಉಳಿದರೂ ಅದರ ಮಾಂಸ ಬಿಳಚಿ ನೀರಾಡುತ್ತದೆ. ಈ ದೋಷದ ಪರೀಕ್ಷೆ 1991ರಿಂದಲೂ ಗೊತ್ತಿರುವಂಥದು. ಗಂಡಿಗೆ ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಕಾಗದ ನೋಡದೆ ಟೆಂಪೊ ಹತ್ತಿಸಬೇಡಿ.

ಡ್ಯೂರಾಕ್ ಕೆಂಪು ಮೈಯ ತಳಿ, ಮಾಂಸದ ಗುಣಕ್ಕೆ ಹೆಸರುವಾಸಿ. ತಾಯಿಯಾಗಿ ಅಲ್ಲ, ಕೊನೆಯ ಹಂತದ ಗಂಡಾಗಿ, ಅಂದರೆ ಮಾಂಸಕ್ಕೆ ಮಾರುವ ಮರಿಗಳ ತಂದೆಯಾಗಿ, ಅದು ಹೆಚ್ಚು ಪ್ರಯೋಜನಕಾರಿ.

ಮಿಶ್ರತಳಿ, ಮತ್ತು ಅದನ್ನು ಉಳಿಸಿಕೊಳ್ಳುವ ಬಗೆ

ದೂರದ ಎರಡು ತಳಿಗಳು ಕೂಡಿದಾಗ ಮರಿಯ ಬಹುತೇಕ ವಂಶವಾಹಿಗಳಲ್ಲಿ ಎರಡು ಬೇರೆ ರೂಪಗಳು ಸೇರುತ್ತವೆ. ಯುರೋಪಿನ ಮತ್ತು ಏಷ್ಯಾದ ಹಂದಿಗಳ ಮೂಲ ಕಾಡುಹಿಂಡುಗಳು ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆಯೇ ಬೇರ್ಪಟ್ಟಿದ್ದವೆಂದು 2012ರಲ್ಲಿ ಪ್ರಕಟವಾದ ಹಂದಿಯ ಜೀನೋಮ್ ಅಧ್ಯಯನ ತೋರಿಸಿತು. ಅಷ್ಟು ದೂರ ಸರಿದ ಎರಡು ರಕ್ತ ಕೂಡುವುದರಿಂದಲೇ ಕರಿ ಹೆಣ್ಣು ಮತ್ತು ಬಿಳಿ ಗಂಡಿನ ಮರಿಗಳಲ್ಲಿ ಕಸುವು ಎದ್ದು ಕಾಣುತ್ತದೆ. ಮರಿಗಳ ಬದುಕುಳಿಯುವಿಕೆ, ಸೂಲಿನ ಸಂಖ್ಯೆ ಮುಂತಾದ ಗುಣಗಳನ್ನು ತಳಿಯೊಳಗಿನ ಆಯ್ಕೆಯಿಂದ ಸುಧಾರಿಸುವುದು ಬಹಳ ನಿಧಾನ. ಮಿಶ್ರತಳಿಯಲ್ಲಿ ಅವು ಒಂದೇ ಪೀಳಿಗೆಗೆ ಮೇಲೇಳುತ್ತವೆ.

ನಮ್ಮ ದೇಶದಲ್ಲಿ ಇದರ ಪರೀಕ್ಷಿತ ಮಾದರಿಗಳಿವೆ. ಗುವಾಹಟಿ ಬಳಿಯ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ವಿದೇಶಿ ಹ್ಯಾಂಪ್‌ಶೈರ್ ಮತ್ತು ದೇಸಿ ಘುಂಗ್ರೂ ತಳಿಗಳನ್ನು ಕೂಡಿಸಿ ರಾಣಿ ತಳಿಯನ್ನು ತಂದಿತು. ತಮಿಳುನಾಡಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಪಿಎಂ ಗೋಲ್ಡ್‌ನಲ್ಲಿ ಮುಕ್ಕಾಲು ಪಾಲು ಯಾರ್ಕ್‌ಶೈರ್, ಕಾಲು ಪಾಲು ದೇಸಿ ರಕ್ತವಿದೆ. ಈ ಪಾಲಿನ ಆಯ್ಕೆಯಲ್ಲೇ ನಮ್ಮ ಮೂರು ಜಿಲ್ಲೆಗಳಿಗೂ ಒಂದು ಸುಳಿವಿದೆ: ನೆರಳು, ನೀರು, ಹಿಂಡಿ ಎಲ್ಲವನ್ನೂ ಒದಗಿಸಬಲ್ಲವರು ಮುಕ್ಕಾಲು ಪಾಲಿನವರೆಗೆ ಹೋಗಬಹುದು, ಬಾದಾಮಿ, ಹುನಗುಂದ, ಇಂಡಿಯ ಬಿಸಿಲಲ್ಲಿ ತಗಡಿನ ಚಾವಣಿಯಡಿ ಸಾಕುವವರಿಗೆ ಅರ್ಧ ಪಾಲೇ ಕ್ಷೇಮ.

ಕಷ್ಟ ಶುರುವಾಗುವುದು ಎರಡನೇ ಪೀಳಿಗೆಯಲ್ಲಿ. ಮಿಶ್ರತಳಿಯ ಅಣ್ಣ ತಂಗಿಯರನ್ನೋ ಅದೇ ಹಿಂಡಿನ ಮಿಶ್ರತಳಿ ಗಂಡನ್ನೋ ಕೂಡಿಸಿದರೆ ಮೊದಲ ಪೀಳಿಗೆಯ ಕಸುವಿನಲ್ಲಿ ಅರ್ಧ ಹೋಗುತ್ತದೆ, ಒಡಹುಟ್ಟಿದವಾದರೆ ಒಳತಳಿಯ ನಷ್ಟವೂ ಅದಕ್ಕೆ ಸೇರುತ್ತದೆ. ಇದಕ್ಕೆ ಪರಿಹಾರ ಪಾಳಿಯ ಪದ್ಧತಿ: ಒಂದು ಪೀಳಿಗೆಗೆ ಬಿಳಿ ಗಂಡು, ಅದರ ಹೆಣ್ಣುಮಕ್ಕಳಿಗೆ ಬೇರೆ ಊರಿನ ಕರಿ ಗಂಡು, ಅವುಗಳ ಹೆಣ್ಣುಮಕ್ಕಳಿಗೆ ಮತ್ತೆ ಬೇರೊಂದು ಬಿಳಿ ಗಂಡು. ಹೀಗೆ ಎರಡು ತಳಿಗಳ ಪಾಳಿ ನಡೆಸಿದರೆ ಕಸುವಿನ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ, ಮೂರು ತಳಿಗಳ ಪಾಳಿಯಲ್ಲಿ ಶೇ. 86ರಷ್ಟು ಉಳಿಯುತ್ತದೆ. ಒಬ್ಬರಿಗೇ ಇಷ್ಟು ಗಂಡುಗಳನ್ನು ಸಾಕುವುದು ಭಾರವೆನಿಸಿದರೆ, ಆರೋಗ್ಯ ತಪಾಸಣೆಯಾದ ಗಂಡಿನ ವೀರ್ಯ ತರಿಸಿ ಕೃತಕ ಗರ್ಭಧಾರಣೆ ಮಾಡಿಸಬಹುದು. ಗಂಡನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಎರವಲು ಒಯ್ಯುವುದು ಮಾತ್ರ ಬೇಡ, ಅದರ ಜೊತೆ ರೋಗವೂ ಎರವಲು ಬರುತ್ತದೆ.

ಬೈಲಹೊಂಗಲ ಕಡೆಯ ಒಂದು ಸಣ್ಣ ಕೊಟ್ಟಿಗೆಯಲ್ಲಿ ನಾನು ನೋಡಿದ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಮಾಲೀಕರಾದ ಅಕ್ಕ ಪ್ರತಿ ತಾಯಿ ಹಂದಿಯ ಗೂಡಿನ ಗೋಡೆಗೆ ಒಂದು ಸ್ಲೇಟು ತೂಗುಹಾಕಿ, ಅದರ ಮೇಲೆ ತಾಯಿಯ ಕಿವಿ ಗುರುತು, ಬಿಟ್ಟ ಗಂಡಿನ ಊರು, ಮರಿ ಹಾಕಬೇಕಾದ ತಾರೀಖು ಬರೆದಿದ್ದರು. ಗಬ್ಬದ 114 ದಿನಗಳನ್ನು ಎಣಿಸಿ ಹಾಕಿದ ತಾರೀಖು ಅದು. ಮರಿ ಹುಟ್ಟುತ್ತಿದ್ದಂತೆ ಒರೆಸಿ, ಎಲ್ಲಕ್ಕಿಂತ ಸಣ್ಣದನ್ನು ಮೊದಲು ಎತ್ತಿ, ಹಾಲು ಹೆಚ್ಚಿರುವ ಎದೆಯ ಕಡೆಯ ಮೊಲೆಗೆ ಬಾಯಿ ಹಚ್ಚುತ್ತಿದ್ದರು. ಹಂದಿಯ ಗರ್ಭದಲ್ಲಿ ತಾಯಿಯ ಪ್ರತಿಕಾಯಗಳು ಮರಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣು ಹಾಲಿನಿಂದಲೇ ಬರಬೇಕು, ಮತ್ತು ಹುಟ್ಟಿ ಒಂದು ದಿನ ಕಳೆಯುವಷ್ಟರಲ್ಲಿ ಅವನ್ನು ಹೀರಿಕೊಳ್ಳುವ ಶಕ್ತಿಯನ್ನು ಕರುಳು ಕಳೆದುಕೊಳ್ಳುತ್ತದೆ. ಯಾವ ತಳಿಯ ಮರಿಯಾದರೂ ಮೊದಲ ವಾರಗಳಲ್ಲಿ ಬದುಕುವುದು ತಾಯಿಯಿಂದ ಬಂದ ಈ ರಕ್ಷಣೆಯ ಮೇಲೆ. ಸ್ಲೇಟಿನ ಮೇಲಿನ “ಗಂಡಿನ ಊರು” ಎಂಬ ಕಲಂ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಯಿತು. ಎಸ್‌ಎಲ್‌ಎ ಎಂಬ ಹೆಸರು ಕೇಳದೆಯೂ ಅದರ ವೈವಿಧ್ಯವನ್ನು ಕಾಪಾಡುವ ಉಪಾಯ ಅದು.

ಪರೀಕ್ಷೆಯಾದ ಗಂಡು ಮತ್ತು ತಿದ್ದಿದ ವಂಶವಾಹಿ

ಎಫ್‌ಯುಟಿ1, ಎಂಯುಸಿ4 ಪರೀಕ್ಷೆಗಳಿಗೆ ಕಿವಿಯ ಚೂರೋ ಕೂದಲಿನ ಬುಡವೋ ಸಾಕು. ಆದರೆ ಈ ಪ್ರತಿರೋಧ ಸಿಗಬೇಕಾದರೆ ಮರಿ ತಂದೆ ತಾಯಿ ಇಬ್ಬರಿಂದಲೂ ಆ ರೂಪವನ್ನು ಪಡೆಯಬೇಕಾದ್ದರಿಂದ ಗಂಡೊಂದನ್ನೇ ತಂದರೆ ಮೊದಲ ಪೀಳಿಗೆಗೆ ಏನೂ ದಕ್ಕದಿರಬಹುದು. ಹೆಣ್ಣುಗಳನ್ನೂ ಪರೀಕ್ಷಿಸಿ, ವರ್ಷಗಟ್ಟಲೆ ಆಯ್ಕೆ ಮಾಡುವ ದೊಡ್ಡ ತಳಿ ಫಾರಂಗೆ ಇದು ಅರ್ಥಪೂರ್ಣ, ಐದಾರು ತಾಯಿ ಹಂದಿ ಸಾಕುವವರಿಗೆ ಅಲ್ಲ. ಅದೇ ದುಡ್ಡಿನಲ್ಲಿ ಮರಿ ಹಾಕುವ ಗೂಡಿನ ನೆಲವನ್ನು ಒಣಗಿಡುವ ಏರ್ಪಾಡು ಮಾಡಿದರೆ ಭೇದಿ ಹೆಚ್ಚು ಕಡಿಮೆಯಾಗುತ್ತದೆ.

ಪಿಆರ್‌ಆರ್‌ಎಸ್ ಎಂಬ ಗರ್ಭಪಾತ ಹಾಗೂ ಉಸಿರಾಟದ ರೋಗ 2013ರಲ್ಲಿ ಮಿಜೋರಾಮಿನಲ್ಲಿ ಭಾರತಕ್ಕೆ ಮೊದಲ ಸಲ ಬಂತು. ಅದರ ವೈರಸ್ ಜೀವಕೋಶದೊಳಗೆ ಹೋಗಲು ಸಿಡಿ163 ಎಂಬ ಪ್ರೋಟೀನು ಬೇಕು, ಅದರ ವಂಶವಾಹಿಯನ್ನು ತಿದ್ದಿದ ಹಂದಿಗಳಿಗೆ ರೋಗ ತಗಲುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಏಪ್ರಿಲ್‌ನಲ್ಲಿ ಅಂಥ ಹಂದಿಗೆ ಒಪ್ಪಿಗೆ ನೀಡಿತು. ದೊಡ್ಡ ಸಾಧನೆ ಅದು, ಆದರೆ ನಮ್ಮ ಇಂದಿನ ಆಯ್ಕೆಯ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಸಿಡಿ163 ತಿದ್ದಿದ ಹಂದಿಗಳು ಆಫ್ರಿಕನ್ ಹಂದಿ ಜ್ವರವನ್ನು ತಡೆಯಲಿಲ್ಲ ಎಂಬುದೂ ತಿಳಿದಿರಲಿ.

ಯಾರಿಗೆ ಯಾವುದು

ಎರಡು ಮೂರು ತಾಯಿ ಹಂದಿ, ಮನೆಯ ಮುಸುರೆ, ಹೊಲದ ಉಳಿಕೆ, ಇಷ್ಟೇ ಬಂಡವಾಳವಿರುವವರಿಗೆ ಕರಿ ಹೆಣ್ಣುಗಳೇ ಸರಿ, ಆದರೆ ಗಂಡು ಬಿಳಿಯದಾಗಿರಲಿ ಅಥವಾ ಬಿಳಿಯ ವೀರ್ಯವಾಗಿರಲಿ, ಮತ್ತು ಮರಿಗಳನ್ನೆಲ್ಲ ಮಾಂಸಕ್ಕೇ ಮಾರಿಬಿಡಲಿ. ಕಸುವಿನ ಪೂರ್ಣ ಲಾಭ ಸಿಗುತ್ತದೆ, ಎರಡನೇ ಪೀಳಿಗೆಯ ಗೊಂದಲವಿಲ್ಲ. ಕಟ್ಟಿಯೇ ಸಾಕಬೇಕು ಎಂಬುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಹೋಟೆಲಿನ ಎಂಜಲು ತರುವವರು ಅದನ್ನು ಕಲಕುತ್ತ 90 ಡಿಗ್ರಿಯಲ್ಲಿ ಒಂದು ತಾಸು ಕುದಿಸಬೇಕು. ಅದಕ್ಕೆ ಉರುವಲು ಇಲ್ಲವಾದರೆ ಎಂಜಲನ್ನೇ ಬಿಡಬೇಕು, ಏಕೆಂದರೆ ಆಫ್ರಿಕನ್ ಜ್ವರದ ವೈರಸ್ ಮಾಂಸದ ಚೂರಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು.

ಹತ್ತರಿಂದ ಇಪ್ಪತ್ತು ತಾಯಿ ಹಂದಿ ಇಟ್ಟುಕೊಂಡು ಇದನ್ನೇ ಮುಖ್ಯ ದುಡಿಮೆ ಮಾಡಿಕೊಳ್ಳುವವರಿಗೆ ನನ್ನ ಸ್ಪಷ್ಟ ಸಲಹೆ ಪಾಳಿಯ ಮಿಶ್ರತಳಿ. ಬೆಳಗಾವಿ, ಬಾಗಲಕೋಟೆಗಳಲ್ಲಿ ಗೋವಿನಜೋಳ ಸುಲಭವಾಗಿ ಸಿಗುವುದರಿಂದ ಮೇವಿನ ಕಡೆಯ ಅನುಕೂಲವೂ ಇದೆ. ಐವತ್ತು, ನೂರು ತಾಯಿ ಹಂದಿಗಳ ಘಟಕ ಕಟ್ಟಿ ರಾಷ್ಟ್ರೀಯ ಜಾನುವಾರು ಮಿಷನ್ನಿನ ಶೇ. 50ರ ಬಂಡವಾಳ ಸಹಾಯಧನಕ್ಕೆ, ಅಂದರೆ ಗರಿಷ್ಠ 30 ಲಕ್ಷ ರೂಪಾಯಿವರೆಗಿನ ನೆರವಿಗೆ, ಅರ್ಜಿ ಹಾಕುವವರು ಯಾರ್ಕ್‌ಶೈರ್ ಮತ್ತು ಲ್ಯಾಂಡ್‌ರೇಸ್ ಕೂಡಿದ ಹೆಣ್ಣಿಗೆ ಡ್ಯೂರಾಕ್ ಗಂಡು ಎಂಬ ಮೂರು ತಳಿಯ ಪದ್ಧತಿಯನ್ನು ಯೋಚಿಸಬಹುದು. ಬೆಳಗಾವಿಯ ತಂಪಿನಲ್ಲಿ ಅದು ಸುಲಭ, ವಿಜಯಪುರದಲ್ಲಿ ತಂಪಿಗೆ ಬೇಕಾದ ಖರ್ಚನ್ನು ಯೋಜನಾ ವರದಿಯಲ್ಲೇ ತೋರಿಸಬೇಕು. ಖಾನಾಪುರದ ಕಾಡಂಚಿನವರು ಘಟಕ ಚಿಕ್ಕದಿರಲಿ ದೊಡ್ಡದಿರಲಿ, ತಳಿಗೆ ಮುಂಚೆ ಎರಡು ಸುತ್ತಿನ ಬೇಲಿಗೆ ದುಡ್ಡು ಎತ್ತಿಡಬೇಕು.

ಕೊಳ್ಳುವ ದಿನ

ಸಂತೆಯಲ್ಲಿ ಹಂದಿ ಕೊಳ್ಳಬೇಡಿ, ಹುಟ್ಟಿದ ಕೊಟ್ಟಿಗೆಗೇ ಹೋಗಿ. ತಾಯಿಯನ್ನು ತೋರಿಸಲು ಹೇಳಿ, ಒಡಹುಟ್ಟಿದ ಮರಿಗಳು ಎಷ್ಟು ಹುಟ್ಟಿ ಎಷ್ಟು ಉಳಿದವೆಂದು ಕೇಳಿ. ಗಂಡು ಮತ್ತು ಹೆಣ್ಣುಗಳನ್ನು ಒಂದೇ ಫಾರಂನಿಂದ ತರಬೇಡಿ. ಹಂದಿ ಜ್ವರದ ಲಸಿಕೆ ಯಾವ ತಾರೀಖಿಗೆ ಆಗಿದೆಯೆಂಬುದನ್ನು ಬರೆಸಿಕೊಳ್ಳಿ. ತಾಯಿಯ ಪ್ರತಿಕಾಯ ಲಸಿಕೆಗೆ ಅಡ್ಡಿಯಾಗುವುದರಿಂದ ತೀರ ಎಳೆಯ ಮರಿಗೆ ಹಾಕಿದ್ದು ಹಿಡಿಯದಿರಬಹುದು, ಹಾಗಾಗಿ ಮುಂದಿನ ಸುತ್ತಿನ ದಿನವನ್ನು ನಿಮ್ಮ ಪಶುವೈದ್ಯರಿಂದಲೇ ಗೊತ್ತುಮಾಡಿಸಿ. ಕಾಲುಬಾಯಿ ರೋಗದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಹಂದಿಗಳೂ ಸೇರಿವೆ, ಆಕಳು ಎಮ್ಮೆಗಳ ಜೊತೆಗೆ ನಿಮ್ಮ ಹಂದಿಗಳನ್ನೂ ಎಣಿಕೆಗೆ ಬರೆಸಿ.

ತಂದ ಹಂದಿಗಳನ್ನು ಹಳೆಯ ಹಿಂಡಿನಿಂದ ದೂರ, ಬೇರೆ ಬಕೆಟ್ಟು, ಬೇರೆ ಚಪ್ಪಲಿಯೊಂದಿಗೆ 30 ದಿನ ಇಡಿ. ಆಫ್ರಿಕನ್ ಜ್ವರ ಮೈಯೊಳಗೆ ಕುಳಿತು ಹೊರಬೀಳಲು 4ರಿಂದ 19 ದಿನ ಬೇಕಾಗುವುದರಿಂದ ಒಂದು ವಾರದ ಕಾವಲು ಸಾಲದು. ಆ ಅವಧಿಯಲ್ಲಿ ಯಾವುದಾದರೂ ಹಂದಿ ಮೇವು ಬಿಟ್ಟು, ಕಿವಿ ಹೊಟ್ಟೆಯ ಚರ್ಮ ಕೆಂಪಗೆ ನೀಲಿಗಟ್ಟಿ ಸತ್ತರೆ ಅದನ್ನು ಕೊಯ್ಯಬೇಡಿ, ಹಳ್ಳಕ್ಕೆ ಎಸೆಯಬೇಡಿ, ಉಳಿದವನ್ನು ಅವಸರದಲ್ಲಿ ಮಾರಲೂ ಬೇಡಿ. ಎರಡೂ ಜ್ವರಗಳ ಹೊರಲಕ್ಷಣ ಒಂದೇ ಆಗಿರುವುದರಿಂದ ಪ್ರಯೋಗಾಲಯವೇ ಹೇಳಬೇಕು. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯ 2009ರ ಕಾಯ್ದೆಯಂತೆ ಇವುಗಳ ಸುದ್ದಿಯನ್ನು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸುವುದು ಮಾಲೀಕರ ಕರ್ತವ್ಯ, ಹತ್ತಿರದ ಪಶು ಆಸ್ಪತ್ರೆಗೂ ಹೇಳಿ; ವೈದ್ಯರು ಬಂದು ಮಾದರಿ ತೆಗೆದು ಕಳಿಸುವವರೆಗೆ ಕೊಟ್ಟಿಗೆಯಿಂದ ಹಂದಿಯನ್ನಾಗಲಿ, ಗೊಬ್ಬರವನ್ನಾಗಲಿ ಹೊರಗೆ ಬಿಡಬಾರದು.